ಸೋಲ್ ಫುಡ್ ಮ್ಯಾಕ್ ಅಂಡ್ ಚೀಸ್: ತಳದಲ್ಲಿ ನೀರು, ಅಂಚಿನಲ್ಲಿ ಎಣ್ಣೆ, ಒಳಗೆಲ್ಲ ಹರಳು. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ಷಾರ್ಲಟ್, ನಾರ್ತ್ ಕ್ಯಾರೊಲೈನಾ)

ನಮಸ್ಕಾರ. ಈ ಬಾರಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಕುಟುಂಬದವರು ನಮ್ಮನ್ನು ಕರೆದಿದ್ದಾರೆ. ಆ ಮನೆಯ ಅಜ್ಜಿಗೆ ಕೈನೋವು, ಚೀಸ್ ತುರಿಯಲು ಆಗುವುದಿಲ್ಲ. ಹಾಗಾಗಿ ಸೋಲ್ ಫುಡ್ (ಆಫ್ರಿಕನ್ ಅಮೆರಿಕನ್ನರ ಸಾಂಪ್ರದಾಯಿಕ ಅಡುಗೆ) ಶೈಲಿಯ ಮ್ಯಾಕ್ ಅಂಡ್ ಚೀಸ್, ಅಂದರೆ ಮ್ಯಾಕರೋನಿ ಮತ್ತು ಚೀಸ್ ಸೇರಿಸಿ ಬೇಯಿಸುವ ಅಡುಗೆ, ಮಾಡುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಅವರ ಮನೆಯಲ್ಲಿ ಇದನ್ನು ಯಾರಿಗೆ ಬೇಕಾದರೂ ವಹಿಸುವುದಿಲ್ಲ ಎಂಬುದು ನನಗೆ ಗೊತ್ತು. ಅಳತೆ ಕೇಳಿದರೆ ಮಾತ್ರ ಅಜ್ಜಿ ಹೇಳುವುದಿಲ್ಲ. ನೋಡಿದರೆ ತಿಳಿಯುತ್ತದೆ ಎನ್ನುತ್ತಾರೆ.

ಹಬ್ಬಕ್ಕೆ ಮುಂಚೆ ಒಮ್ಮೆ ಮಾಡಿ ನೋಡಿದೆ. ಒಂದು ಪೌಂಡ್ ಎಲ್ಬೋ (ಬಾಗಿದ ಕೊಳವೆಯಾಕಾರದ) ಮ್ಯಾಕರೋನಿಯನ್ನು ಪೊಟ್ಟಣದಲ್ಲಿ ಬರೆದಷ್ಟು ಹೊತ್ತು ಬೇಯಿಸಿದೆ. ಎರಡು ಕಪ್ ಕಡಿಮೆ ಕೊಬ್ಬಿನ ಹಾಲು, ಐದು ಮೊಟ್ಟೆ, ಚೀಲದಲ್ಲಿ ಸಿಗುವ ತುರಿದ ಶಾರ್ಪ್ ಚೆಡ್ಡರ್ ನಾಲ್ಕು ಕಪ್, ಉಪ್ಪು, ಮೆಣಸಿನ ಪುಡಿ. ಎಲ್ಲವನ್ನೂ ಬಿಸಿ ಮ್ಯಾಕರೋನಿಗೆ ಬೆರೆಸಿ, ಗಾಜಿನ ಪಾತ್ರೆಯಲ್ಲಿ ಹಾಕಿ, 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 50 ನಿಮಿಷ ಇಟ್ಟೆ. ಮೇಲ್ಭಾಗ ಚೆನ್ನಾಗಿ ಕೆಂಪಾಯಿತು. ಕತ್ತರಿಸಿದರೆ ತಳದಲ್ಲಿ ನೀರು ನಿಂತಿತ್ತು, ಅಂಚಿನಲ್ಲಿ ಹಳದಿ ಎಣ್ಣೆ. ಒಳಗೆ ಕೆನೆಯಂತಿರಬೇಕಾದದ್ದು ಹರಳು ಹರಳಾಗಿತ್ತು. ರುಚಿಯೂ ಸಪ್ಪೆ. ಇನ್ನೂ ಹೆಚ್ಚು ಹೊತ್ತು ಇಟ್ಟಿದ್ದರೆ ನೀರು ಇಂಗುತ್ತಿತ್ತೇ?

ಉತ್ತರ (ಅಟ್ಲಾಂಟಾ, ಜಾರ್ಜಿಯಾ)

ಇಲ್ಲ, ಇನ್ನೂ ಹೆಚ್ಚು ನೀರು ಬರುತ್ತಿತ್ತು. ಆ ನೀರು ಬೇಯದೆ ಉಳಿದದ್ದಲ್ಲ, ಅತಿಯಾಗಿ ಬೆಂದು ಹೊರಬಂದದ್ದು. ನಾನು ಇಲ್ಲಿನ ಒಂದು ಚರ್ಚಿನ ಅಡುಗೆಮನೆಯಲ್ಲಿ ಭಾನುವಾರಗಳಂದು ಕೈಜೋಡಿಸುತ್ತಾ ಈ ಅಡುಗೆ ಕಲಿತವಳು. ಅಲ್ಲಿ ಹೊಸಬರು ಮಾಡಿದ್ದು ಕೆಟ್ಟಾಗಲೆಲ್ಲ ಕಾರಣ ಹೆಚ್ಚಾಗಿ ಇದೇ ಆಗಿರುತ್ತದೆ.

ಅಮೆರಿಕದ ದಕ್ಷಿಣದ ಕಪ್ಪು ಜನರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಮ್ಯಾಕ್ ಅಂಡ್ ಚೀಸ್ ಹೆಚ್ಚಾಗಿ ಸಾಸ್ ಸುರಿದ ಪಾಸ್ತಾ ಅಲ್ಲ. ಅದು ಮೊಟ್ಟೆ ಮತ್ತು ಹಾಲಿನಿಂದ ಹೆಪ್ಪುಗಟ್ಟಿದ ಅಡುಗೆ. ಚಾಕುವಿನಿಂದ ಚೌಕವಾಗಿ ಕತ್ತರಿಸಿ ಬಡಿಸಿದರೆ ತಟ್ಟೆಯ ಮೇಲೆ ತುಂಡು ನಿಲ್ಲಬೇಕು, ಬಾಯಲ್ಲಿ ಮೆತ್ತಗಾಗಬೇಕು. ನಮ್ಮ ಗಿಣ್ಣನ್ನು ನೆನಪಿಸಿಕೊಳ್ಳಿ. ಹಬೆಯಲ್ಲಿ ಹದವಾಗಿ ಬೆಂದ ಗಿಣ್ಣು ಬೆಣ್ಣೆಯಂತೆ ಕತ್ತರಿಸುತ್ತದೆ. ಒಲೆ ಜೋರಾದರೆ ತೂತು ಬಿದ್ದು ನೀರು ಒಡೆಯುತ್ತದೆ. ಇಲ್ಲಿಯೂ ಅದೇ ನಡೆದಿದೆ. ಮೊಟ್ಟೆ ಬೆರೆತ ಹಾಲು ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಗಟ್ಟಿಯಾಗುತ್ತದೆ. ಅದನ್ನು ಮೀರಿದರೆ ಮೊಟ್ಟೆಯ ಪ್ರೋಟೀನ್ ಬಿಗಿದುಕೊಂಡು, ತಾನು ಹಿಡಿದಿದ್ದ ನೀರನ್ನು ಹಿಂಡಿ ಹಾಕುತ್ತದೆ. ತಳದ ನೀರು, ಒಳಗಿನ ಹರಳು ಎರಡೂ ಒಂದೇ ಕಾರಣದಿಂದ ಬಂದವು. ಐದು ಮೊಟ್ಟೆ ಹೆಚ್ಚಾಯಿತು, 400 ಡಿಗ್ರಿಯೂ ಹೆಚ್ಚಾಯಿತು. ಕಡಿಮೆ ಕೊಬ್ಬಿನ ಹಾಲು ಬೇಗ ಒಡೆಯುತ್ತದೆ. ಅದರ ಮೇಲೆ ಕುದಿಬಿಸಿ ಮ್ಯಾಕರೋನಿಗೆ ತಣ್ಣನೆಯ ಮೊಟ್ಟೆ ಸುರಿದಾಗ ಓವನ್‌ಗೆ ಹೋಗುವ ಮುಂಚೆಯೇ ಒಂದಷ್ಟು ಮೊಟ್ಟೆ ಬೆಂದುಬಿಟ್ಟಿರುತ್ತದೆ.

ಎಣ್ಣೆ ಬೇರೆ ಕಥೆ, ಅದು ಚೀಸ್‌ನದು. ಚೆಡ್ಡರ್ ಹಳೆಯದಾದಷ್ಟೂ ರುಚಿ ತೀಕ್ಷ್ಣವಾಗುತ್ತದೆ, ಆದರೆ ಅದರೊಳಗಿನ ಪ್ರೋಟೀನಿನ ಬಲೆ ಸಡಿಲಗೊಂಡಿರುತ್ತದೆ. ಬಿಸಿ ತಗುಲಿದಾಗ ಕೊಬ್ಬನ್ನು ಹಿಡಿದಿಡಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ಅನುಭವಸ್ಥರು ಒಂದೇ ಚೀಸ್ ಬಳಸುವುದಿಲ್ಲ. ರುಚಿಗೆ ಎಕ್ಸ್‌ಟ್ರಾ ಶಾರ್ಪ್ ಚೆಡ್ಡರ್, ಕರಗುವ ಗುಣಕ್ಕೆ ಕೋಲ್ಬಿ ಅಥವಾ ಮಾಂಟೆರೆ ಜ್ಯಾಕ್, ಇವೆರಡನ್ನೂ ಹಿಡಿದಿಡಲು ಸ್ವಲ್ಪ ವೆಲ್ವೀಟಾ (ಒಂದು ಬ್ರ್ಯಾಂಡಿನ ಪ್ರೊಸೆಸ್ಡ್ ಚೀಸ್). ವೆಲ್ವೀಟಾ ಎಂದರೆ ಮೂಗು ಮುರಿಯುವವರಿದ್ದಾರೆ. ನಾನು ಅವರ ಮಾತು ಒಪ್ಪುವುದಿಲ್ಲ. ಅದರಲ್ಲಿರುವ ಫಾಸ್ಫೇಟ್, ಸಿಟ್ರೇಟ್ ಲವಣಗಳು ಕೊಬ್ಬು ಮತ್ತು ನೀರು ಬೇರೆಯಾಗದಂತೆ ತಡೆಯುತ್ತವೆ, ಆ ಕೆಲಸಕ್ಕೇ ಅದು ಬೇಕು.

ಚೀಲದ ತುರಿಯನ್ನು ದಯವಿಟ್ಟು ಬಿಡಿ. ತುರಿ ಒಂದಕ್ಕೊಂದು ಅಂಟಬಾರದೆಂದು ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ. ಅದರಿಂದ ಚೀಸ್ ನುಣ್ಣಗೆ ಕರಗುವುದಿಲ್ಲ, ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಗಟ್ಟಿ ತುಂಡು ತಂದು ಮನೆಯಲ್ಲಿ ತುರಿಯಿರಿ. ಆ ಅಜ್ಜಿ ಕೈನೋವೆಂದು ಈ ಕೆಲಸ ಬಿಟ್ಟುಕೊಟ್ಟರೇ ಹೊರತು ಚೀಲ ತರಿಸಲಿಲ್ಲ, ಗಮನಿಸಿ.

ನಾನು ಮಾಡುವ ಅಳತೆ ಹೀಗಿದೆ. ಒಂದು ಪೌಂಡ್, ಅಂದರೆ 454 ಗ್ರಾಂ ಎಲ್ಬೋ. ಎಕ್ಸ್‌ಟ್ರಾ ಶಾರ್ಪ್ ಚೆಡ್ಡರ್ 340 ಗ್ರಾಂ, ಕೋಲ್ಬಿ ಜ್ಯಾಕ್ 225 ಗ್ರಾಂ, ವೆಲ್ವೀಟಾ 115 ಗ್ರಾಂ. ಇವಾಪೊರೇಟೆಡ್ ಹಾಲು, ಅಂದರೆ ಸಕ್ಕರೆಯಿಲ್ಲದೆ ಇಂಗಿಸಿದ ಹಾಲು, ಒಂದು ಡಬ್ಬಿ (12 ಔನ್ಸ್, 354 ಮಿಲಿ), ಕೆನೆಯುಳ್ಳ ಹಾಲು ಒಂದೂವರೆ ಕಪ್, ಮೊಟ್ಟೆ ಮೂರು, ಬೆಣ್ಣೆ 60 ಗ್ರಾಂ. ಒಂದು ಚಮಚ ಸಾಸಿವೆ ಪುಡಿ, ಪ್ಯಾಪ್ರಿಕಾ, ಕಾಳುಮೆಣಸು, ಈರುಳ್ಳಿ ಮತ್ತು ಬೆಳ್ಳುಳ್ಳಿ ಪುಡಿ. ಸಾಸಿವೆಯ ರುಚಿ ಬೇರೆಯಾಗಿ ಕಾಣುವುದಿಲ್ಲ, ಆದರೆ ಚೀಸ್‌ನ ರುಚಿಯನ್ನು ಎತ್ತಿ ಹಿಡಿಯುತ್ತದೆ.

ಮ್ಯಾಕರೋನಿ ಬೇಯಿಸುವ ನೀರಿಗೇ ಧಾರಾಳವಾಗಿ ಉಪ್ಪು ಹಾಕಿ. ನಿಮ್ಮದು ಸಪ್ಪೆಯಾದದ್ದು ಅಲ್ಲಿಯೇ ಇರಬೇಕು, ಏಕೆಂದರೆ ಬೆಂದ ಮೇಲೆ ಉಪ್ಪು ಒಳಗೆ ಹೋಗುವುದಿಲ್ಲ. ಪೊಟ್ಟಣ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ. ಉಳಿದದ್ದು ಓವನ್‌ನಲ್ಲಿ ಬೇಯುತ್ತದೆ. ನೀರು ಪೂರ್ತಿ ಸೋರಬೇಕು, ಕೊಳವೆಯೊಳಗೆ ನಿಂತ ನೀರೂ ಕೊನೆಗೆ ತಳಕ್ಕೇ ಬರುತ್ತದೆ. ಬೆಣ್ಣೆ ಮತ್ತು ವೆಲ್ವೀಟಾ ಬೆರೆಸಿ ಕೈಗೆ ಬೆಚ್ಚಗೆನಿಸುವಷ್ಟು ಆರಲು ಬಿಡಿ. ಮೊಟ್ಟೆಯನ್ನು ಹಾಲುಗಳ ಜೊತೆ ಪ್ರತ್ಯೇಕವಾಗಿ ಕಡೆದಿಟ್ಟುಕೊಳ್ಳಿ. 9×13 ಅಂಗುಲದ ಪಾತ್ರೆಗೆ ಬೆಣ್ಣೆ ಸವರಿ ಅರ್ಧ ಮ್ಯಾಕರೋನಿ, ಅದರ ಮೇಲೆ ಚೀಸ್ ತುರಿ, ಮತ್ತೆ ಮ್ಯಾಕರೋನಿ. ಹಾಲು ಸುರಿದು, ಉಳಿದ ಚೀಸ್ ಮೇಲೆ ಮುಚ್ಚಿ, ಪ್ಯಾಪ್ರಿಕಾ ಉದುರಿಸಿ.

ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 177 ಸೆಲ್ಸಿಯಸ್. ಗಾಜಿನ ಪಾತ್ರೆಗೆ 325 ಸಾಕು, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೇ. ಮೊದಲ 20 ನಿಮಿಷ ಅಲ್ಯುಮಿನಿಯಂ ಹಾಳೆ ಮುಚ್ಚಿರಲಿ, ಆಮೇಲೆ ತೆಗೆದು ಇನ್ನೊಂದು 15ರಿಂದ 20 ನಿಮಿಷ. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿದಾಗ ಅಂಚು ನಿಂತು, ನಡುಭಾಗ ತುಸು ನಡುಗಬೇಕು. ಥರ್ಮಾಮೀಟರ್ ಇದ್ದರೆ ನಡುವೆ 160ರಿಂದ 165 ಫ್ಯಾರನ್‌ಹೀಟ್ ತೋರಿಸಿದ ಕೂಡಲೇ ಹೊರಗೆ ತೆಗೆಯಿರಿ. ಹೊರಗೆ ಬಂದ ಮೇಲೂ ಅದು ಬೇಯುತ್ತಲೇ ಇರುತ್ತದೆ. 20 ನಿಮಿಷ ಯಾರನ್ನೂ ಚಾಕು ಮುಟ್ಟಲು ಬಿಡಬೇಡಿ.

ಡಲ್ಲಾಸ್, ಟೆಕ್ಸಸ್

ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಮೊಟ್ಟೆಯಿಲ್ಲದೆ ಸಾಧ್ಯವೇ? ಚೀಸ್‌ನಲ್ಲಿ ರೆನೆಟ್ (ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆಯುವ ಕಿಣ್ವ) ಇರುತ್ತದೆ ಎಂಬ ಚಿಂತೆಯೂ ಇದೆ. ಇನ್ನೊಂದು, ಮೇಲೆ ಬ್ರೆಡ್ ಪುಡಿ, ಒಳಗೆ ಹಸಿಮೆಣಸಿನಕಾಯಿ, ದಪ್ಪಮೆಣಸಿನಕಾಯಿ ಹಾಕಿದರೆ ನಮ್ಮ ರುಚಿಗೆ ಹೊಂದುವುದಿಲ್ಲವೇ?

ಅಟ್ಲಾಂಟಾ

ಮೊಟ್ಟೆಯಿಲ್ಲದೆ ಸಾಧ್ಯ. 56 ಗ್ರಾಂ ಬೆಣ್ಣೆಯಲ್ಲಿ ನಾಲ್ಕು ದೊಡ್ಡ ಚಮಚ ಮೈದಾವನ್ನು ಬಣ್ಣ ತಿರುಗದಂತೆ ಹುರಿದು, ಸುಮಾರು 700 ಮಿಲಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕುದಿಸಿ. ಒಲೆಯಿಂದ ಇಳಿಸಿದ ಮೇಲೆಯೇ ಚೀಸ್ ಹಾಕಬೇಕು. ಕುದಿಯುವಾಗ ಹಾಕಿದರೆ ಮತ್ತೆ ಎಣ್ಣೆ ಬಿಡುತ್ತದೆ. ಇಲ್ಲಿನ ಎಷ್ಟೋ ಕಪ್ಪು ಕುಟುಂಬಗಳೂ ಹೀಗೆ ಮಾಡುತ್ತವೆ, ಆದ್ದರಿಂದ ಇದು ಕಡಿಮೆ ದರ್ಜೆಯದೇನಲ್ಲ. ಆದರೆ ಚೌಕವಾಗಿ ನಿಲ್ಲುವುದಿಲ್ಲ, ಸೌಟಿನಲ್ಲಿ ಬಡಿಸಬೇಕು.

ರೆನೆಟ್ ವಿಷಯದಲ್ಲಿ ಪೊಟ್ಟಣ ಓದುವುದೊಂದೇ ದಾರಿ. ಅಮೆರಿಕದ ಬಹಳಷ್ಟು ಚೆಡ್ಡರ್ ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವದಿಂದ ಆಗುತ್ತದೆ, ಆದರೆ ಬರೀ ‘ಎನ್‌ಜೈಮ್ಸ್’ ಎಂದಿದ್ದರೆ ಮೂಲ ತಿಳಿಯುವುದಿಲ್ಲ. ‘ವೆಜಿಟೇರಿಯನ್’ ಅಥವಾ ‘ಮೈಕ್ರೋಬಿಯಲ್’ ಎಂದು ಸ್ಪಷ್ಟವಾಗಿ ಬರೆದದ್ದನ್ನು ಕೊಳ್ಳಿ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಅದೇ ಮೇಜಿನ ಮೇಲಿರುವ ಕಾಲರ್ಡ್ ಸೊಪ್ಪನ್ನು ಸಾಮಾನ್ಯವಾಗಿ ಹಂದಿ ಅಥವಾ ಹೊಗೆಯಾಡಿಸಿದ ಟರ್ಕಿ ಮಾಂಸದೊಂದಿಗೆ ಬೇಯಿಸಿರುತ್ತಾರೆ. ಕೇಳಿ ಬಡಿಸಿಕೊಳ್ಳಿ.

ಬ್ರೆಡ್ ಪುಡಿ, ಹಸಿಮೆಣಸಿನಕಾಯಿ ನಿಮ್ಮ ಮನೆಯ ಊಟಕ್ಕೆ ಧಾರಾಳವಾಗಿ ಹಾಕಿ. ಆದರೆ ಮೊದಲು ಪ್ರಶ್ನೆ ಕೇಳಿದ ಷಾರ್ಲಟ್ ಊರಿನ ತಂಗಿ ಹಾಕಬಾರದು ಎಂದು ನನ್ನ ಬಲವಾದ ಅಭಿಪ್ರಾಯ. ಸೋಲ್ ಫುಡ್ ಮೇಜಿನ ಮೇಲೆ ಮ್ಯಾಕ್ ಅಂಡ್ ಚೀಸ್‌ನ ಮುಚ್ಚಳ ಚೀಸ್‌ನದ್ದೇ ಆಗಿರಬೇಕು. ಇದು ಬರೀ ರುಚಿಯ ಹಟವಲ್ಲ. ಥಾಮಸ್ ಜೆಫರ್ಸನ್ 1784ರಲ್ಲಿ ಪ್ಯಾರಿಸ್‌ಗೆ ಹೋದಾಗ ತನ್ನ ಗುಲಾಮನಾಗಿದ್ದ ಜೇಮ್ಸ್ ಹೆಮಿಂಗ್ಸ್‌ನನ್ನು ಫ್ರೆಂಚ್ ಅಡುಗೆ ಕಲಿಯಲೆಂದು ಕರೆದೊಯ್ದ. ಹೆಮಿಂಗ್ಸ್ ಅದರಲ್ಲಿ ನುರಿತ ಬಾಣಸಿಗನಾದ. ತನ್ನ ಬಿಡುಗಡೆಗಾಗಿ ಆತ ತಮ್ಮ ಪೀಟರ್‌ಗೆ ಆ ವಿದ್ಯೆಯನ್ನೆಲ್ಲ ಕಲಿಸಿಕೊಡಬೇಕಾಯಿತು. ಬಿಡುಗಡೆ ಸಿಕ್ಕಿದ್ದು 1796ರಲ್ಲಿ. ಜೆಫರ್ಸನ್ ಅಧ್ಯಕ್ಷನಾದ ಮೇಲೆ, 1802ರಲ್ಲಿ, ಅವನ ಮನೆಯಲ್ಲಿ ಮ್ಯಾಕರೋನಿ ಪೈ ಉಂಡ ಅತಿಥಿಯೊಬ್ಬ ಅದನ್ನು ದಿನಚರಿಯಲ್ಲಿ ಬರೆದಿಟ್ಟ. ಉಂಡವರ ಹೆಸರು ಉಳಿಯಿತು, ದಕ್ಷಿಣದ ಸಿರಿವಂತರ ಮನೆಗಳಲ್ಲಿ ಅದನ್ನು ಬೇಯಿಸಿದ ಗುಲಾಮ ಅಡುಗೆಯವರಲ್ಲಿ ಬಹುತೇಕರ ಹೆಸರು ಉಳಿಯಲಿಲ್ಲ. ಅವರ ಕೈಯಿಂದ ಅದು ಅವರದೇ ಮಕ್ಕಳ ಭಾನುವಾರದ ಊಟಕ್ಕೆ ಬಂತು. ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್‌ಗಳಿಗೆ ವಲಸೆ ಹೋದವರ ಜೊತೆಗೂ ಹೋಯಿತು. ‘ಸೋಲ್ ಫುಡ್’ ಎಂಬ ಹೆಸರು ಜನಪ್ರಿಯವಾದದ್ದು 1960ರ ದಶಕದಲ್ಲಿ. ಅಜ್ಜಿಯೊಬ್ಬರು ಅದನ್ನು ನಿಮ್ಮ ಕೈಗೆ ಕೊಟ್ಟಾಗ ಮೊದಲು ಅವರ ರೀತಿಯಲ್ಲಿಯೇ ಸರಿಯಾಗಿ ಮಾಡುವುದನ್ನು ಕಲಿಯಬೇಕು.

ಮೈಸೂರು

ಇಲ್ಲಿ ಇವಾಪೊರೇಟೆಡ್ ಹಾಲು ಸುಲಭವಾಗಿ ಸಿಗುವುದಿಲ್ಲ. ಅಂಗಡಿಯವರು ಕಂಡೆನ್ಸ್ಡ್ ಹಾಲು ಕೊಡುತ್ತಾರೆ. ನಡೆಯುತ್ತದೆಯೇ?

ಅಟ್ಲಾಂಟಾ

ಖಂಡಿತ ಬೇಡ, ಅದರ ತುಂಬ ಸಕ್ಕರೆ ಇರುತ್ತದೆ. ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಗುವವರೆಗೆ ಇಂಗಿಸಿ, ಸೋಸಿ, ತಣಿಸಿ ಬಳಸಿ. ವೆಲ್ವೀಟಾ ಬದಲಿಗೆ ಅಲ್ಲಿ ಸಿಗುವ ಸಾಮಾನ್ಯ ಪ್ರೊಸೆಸ್ಡ್ ಚೀಸ್ ಸಾಕು, ಅದರಲ್ಲಿಯೂ ಅಂಥದೇ ಲವಣಗಳಿರುತ್ತವೆ. ಆದರೆ ಪೂರ್ತಿ ಅದರಲ್ಲೇ ಮಾಡಬೇಡಿ, ಹಳೆಯ ಚೆಡ್ಡರ್ ಸ್ವಲ್ಪವಾದರೂ ಬೇಕು.

ಷಾರ್ಲಟ್

ಅಕ್ಕ, ನೀವು ಹೇಳಿದ ಹಾಗೆಯೇ ನಿನ್ನೆ ಮಾಡಿದೆ. ನೀರಿಲ್ಲ, ಎಣ್ಣೆಯಿಲ್ಲ, ತುಂಡು ನಿಂತಿತು. ಅಜ್ಜಿಗೆ ಒಂದು ಚೌಕ ಕೊಟ್ಟು ಬಂದೆ. ತಿಂದು, ಅಂಚಿನ ಗರಿಗರಿ ಭಾಗ ಇನ್ನೂ ಬೇಕು ಎಂದರು, ಬೇರೇನೂ ತಿದ್ದಲಿಲ್ಲ. ಈಗ ಉಳಿದ ತೊಂದರೆ ಎಂದರೆ ಹಬ್ಬದ ದಿನ ಅವರ ಓವನ್‌ನಲ್ಲಿ ಟರ್ಕಿ ಇರುತ್ತದೆ. ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿ ಇಡಬಹುದೇ?

ಅಟ್ಲಾಂಟಾ

ಇಡಬಹುದು. ರಾತ್ರಿಯಿಡೀ ಮ್ಯಾಕರೋನಿ ಹಾಲು ಹೀರಿಕೊಳ್ಳುತ್ತದೆ, ಆದ್ದರಿಂದ ಅರ್ಧ ಕಪ್ ಹಾಲು ಹೆಚ್ಚು ಹಾಕಿ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಬಿಸಿ ಓವನ್‌ಗೆ ಇಡಬೇಡಿ, ಸೀಳಬಹುದು. ಅರ್ಧ ಗಂಟೆ ಹೊರಗಿಡಿ. ಆದರೂ ತಣ್ಣಗೇ ಇರುವುದರಿಂದ ಬೇಯಲು ಹೆಚ್ಚು ಹೊತ್ತು ಬೇಕು, ಗಡಿಯಾರ ನೋಡದೆ ನಡುಭಾಗವನ್ನು ನೋಡಿ. ಗರಿಗರಿ ಅಂಚಿಗೆ ಮುಂದಿನ ಸಲ ಲೋಹದ ಪಾತ್ರೆ ಬಳಸಿ, ಗೋಡೆಗೆ ತಾಗುವಂತೆ ಚೀಸ್ ಹರಡಿ, ಕೊನೆಯ ಎರಡು ನಿಮಿಷ ಬ್ರಾಯ್ಲರ್ (ಓವನ್‌ನ ಮೇಲ್ಭಾಗದಿಂದ ನೇರವಾಗಿ ಕಾಯಿಸುವ ಉರಿ) ಹಚ್ಚಿ. ಎದುರಿಗೇ ನಿಂತಿರಬೇಕು. ಗಾಜಿನ ಪಾತ್ರೆಯನ್ನು ಮಾತ್ರ ಬ್ರಾಯ್ಲರ್ ಕೆಳಗೆ ಇಡಬೇಡಿ.

ನಿಮ್ಮ ಮನೆಯಲ್ಲೇ ಬೇಯಿಸಿ, ಹಾಳೆ ಮುಚ್ಚಿ, ದಪ್ಪ ಟವೆಲ್ ಸುತ್ತಿ ಒಯ್ಯಿರಿ. ಪಕ್ಕದ ಮನೆಯಾದ್ದರಿಂದ ಬಿಸಿ ಉಳಿಯುತ್ತದೆ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಉಳಿದರೆ, ಮರುದಿನ ತುಂಡಿನ ಮೇಲೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, 325ರಲ್ಲಿ ಬಿಸಿ ಮಾಡಿ.