ರಿಲೀಸ್ ಹಿಂದಿನ ದಿನ ಸೆಕ್ಯುರಿಟಿ ರಿಪೋರ್ಟ್ ಬರತ್ತೆ, ಇದನ್ನ ಮೊದಲೇ ಹಿಡಿಯೋದು ಹೇಗೆ?

ಬ್ಯಾಕೆಂಡ್_ಬಡಪಾಯಿ:
ನಮ್ದು ಆರು ಜನರ ಟೀಮ್, ಎರಡು ವಾರದ ಸ್ಪ್ರಿಂಟ್. ಕೋಡೆಲ್ಲಾ ಮುಗಿದು ಇನ್ನೇನು ರಿಲೀಸ್ ಅನ್ನೋವಾಗ ಪೆನ್‌ಟೆಸ್ಟ್ (ಹ್ಯಾಕರ್ ಥರ ನುಗ್ಗಿ ನೋಡೋ ಪರೀಕ್ಷೆ) ರಿಪೋರ್ಟ್ ಬರತ್ತೆ, ಪಿಡಿಎಫ್ ತೆಗೆದ್ರೆ ಎದೆ ಧಸಕ್ ಅನ್ನತ್ತೆ. ಈ ಸಲ ಇನ್‌ವಾಯ್ಸ್ ಯುಆರ್‌ಎಲ್‌ನಲ್ಲಿ 1041 ಇದ್ದಿದ್ದನ್ನ 1042 ಮಾಡಿದ್ರೆ ಬೇರೆ ಕಸ್ಟಮರ್ ಬಿಲ್ ತೆರ್ಕೊಳ್ತಿದೆ, ಅದೂ ಒಂದು ಕಡೆ ಅಲ್ಲ, ಅದೇ ಕೋಡ್ ಕಾಪಿ ಹೊಡೆದಿರೋ 11 ಎಂಡ್‌ಪಾಯಿಂಟ್‌ನಲ್ಲೂ (ಸರ್ವರ್‌ನಿಂದ ಡೇಟಾ ಕೇಳೋ ವಿಳಾಸಗಳು). ಮ್ಯಾನೇಜರ್ ಕೋಡ್‌ನಲ್ಲಿ ತೂತು ಹುಡುಕೋ ಸ್ಕ್ಯಾನರ್ ಟೂಲ್ ಲೈಸೆನ್ಸ್ ತಗೊಂಡ್ಬಿಡೋಣ ಅಂತಿದಾರೆ. ಆಗತ್ತಾ ಅದರಿಂದ?

ಲಾಗ್_ನೋಡು_ಮೊದ್ಲು:
ಸ್ಕ್ಯಾನರ್‌ಗೆ ಇದು ಸಿಗೋದು ಕಷ್ಟ ಗುರು. ಲಾಗಿನ್ ಚೆಕ್ ಇದೆ, ಎಸ್‌ಕ್ಯೂಎಲ್ ಕ್ವೆರಿ ನೀಟಾಗಿದೆ, ‘ಈ ಬಿಲ್ ಇವನದ್ದೇನಾ’ ಅನ್ನೋ ಒಂದು ಸಾಲು ಮಾತ್ರ ಇಲ್ಲ, ಬಿಲ್ ಯಾರದ್ದು ಅಂತ ಪಾಪ ಆ ಟೂಲ್‌ಗೆ ಏನ್ ಗೊತ್ತು. 2021ರ ಓವಾಸ್ಪ್ ಟಾಪ್ 10ರಲ್ಲಿ (ವೆಬ್ ಆ್ಯಪ್‌ಗಳ ದೊಡ್ಡ ಸೆಕ್ಯುರಿಟಿ ಅಪಾಯಗಳ ಪಟ್ಟಿ) ಬ್ರೋಕನ್ ಆಕ್ಸೆಸ್ ಕಂಟ್ರೋಲ್, ಅಂದ್ರೆ ನೋಡಬಾರದವರಿಗೂ ಡೇಟಾ ಸಿಗೋದು, ಐದನೇ ಜಾಗದಿಂದ ಮೊದಲನೇದಕ್ಕೆ ಹತ್ತಿದ್ದು ಸುಮ್ನೆ ಅಲ್ಲ.

ನಾವು ಮಾಡಿದ್ದು ಇಷ್ಟೇ. ಟಿಕೆಟ್ ಬರೆಯೋವಾಗ್ಲೇ ‘ಇದು ಯಾರಿಗೆ ಕಾಣಬಾರದು’ ಅಂತ ಒಂದು ಸಾಲು ಕಡ್ಡಾಯ. ಆ ಸಾಲು ಹಾಗೇ ಟೆಸ್ಟ್ ಆಗತ್ತೆ: ಇಬ್ಬರು ಯೂಸರ್, ಎರಡನೆಯವನ ಟೋಕನ್ (ಲಾಗಿನ್ ಆದ ಗುರುತು) ಇಟ್ಕೊಂಡು ಮೊದಲನೆಯವನ ಬಿಲ್ ಕೇಳು, 404 (‘ಸಿಗಲಿಲ್ಲ’ ಅನ್ನೋ ಉತ್ತರ) ಬರ್ಲಿಲ್ಲ ಅಂದ್ರೆ ಬಿಲ್ಡ್ ಫೇಲ್. ಮತ್ತೆ 11 ಕಡೆ ತೇಪೆ ಹಾಕ್ಬೇಡಿ ದಯವಿಟ್ಟು, ಕಸ್ಟಮರ್ ಐಡಿನ ಸೆಷನ್‌ನಿಂದ ತಗೊಂಡು ಫಿಲ್ಟರ್ ಮಾಡೋ ಒಂದೇ ಫಂಕ್ಷನ್ ಮಾಡಿ ಎಲ್ರೂ ಅದನ್ನೇ ಕರೀಲಿ.

ಪೈಪ್‌ಲೈನ್_ಪ್ಲಂಬರ್:
ಮೇಲಿನವರು ಹೇಳಿದ್ದು ಸರಿ, ಆದ್ರೆ ಟೂಲ್ ವೇಸ್ಟ್ ಅಂತ ಅನ್ಕೋಬೇಡಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ (ಜಾವಾ ಲಾಗಿಂಗ್ ಲೈಬ್ರರಿ) ತೂತಿನ ಗಲಾಟೆ ಆದಾಗ ನಮಗೆ ಪ್ಯಾಚ್ ಹಾಕೋಕಿಂತ ಅದು ಎಲ್ಲೆಲ್ಲಿದೆ ಅಂತ ಹುಡುಕೋಕೇ ಎರಡು ದಿನ ಹೋಯ್ತು, ಯಾಕಂದ್ರೆ ನಾವು ಅದನ್ನ ನೇರವಾಗಿ ಹಾಕೇ ಇರ್ಲಿಲ್ಲ, ಇನ್ಯಾವುದೋ ಲೈಬ್ರರಿ ಹೊಟ್ಟೆಲಿ ಬಂದು ಕೂತಿತ್ತು. ಆಮೇಲಿಂದ ಪ್ರತಿ ಬಿಲ್ಡ್‌ಗೂ ಎಸ್‌ಬಾಮ್ (ಒಳಗಿರೋ ಎಲ್ಲಾ ಲೈಬ್ರರಿಗಳ ಪಟ್ಟಿ) ತೆಗೀತೀವಿ, ಯಾವ ವರ್ಷನ್ ಎಲ್ಲಿದೆ ಅಂತ ಒಂದು ಸರ್ಚ್‌ಗೆ ಸಿಗತ್ತೆ.

ಒಂದು ಎಚ್ಚರಿಕೆ. ನಾವು ಮೊದಲ ದಿನವೇ ಸ್ಕ್ಯಾನರ್‌ನ ಎಲ್ಲಾ ರೂಲ್ ಆನ್ ಮಾಡಿ 900 ಚಿಲ್ಲರೆ ವಾರ್ನಿಂಗ್ ಬಂದು, ವಾರದೊಳಗೆ ಎಲ್ರೂ ಆ ಚಾನೆಲ್ ಮ್ಯೂಟ್ ಮಾಡಿದ್ರು 😅 ಹಳೇ ವಾರ್ನಿಂಗ್‌ನೆಲ್ಲಾ ಬೇಸ್‌ಲೈನ್‌ಗೆ (ಸದ್ಯಕ್ಕೆ ಬಿಟ್ಟಿರೋ ಪಟ್ಟಿ) ಹಾಕಿ, ಹೊಸ ಕೋಡ್‌ನಲ್ಲಿ ಬರೋ ಹೈ ಮತ್ತೆ ಕ್ರಿಟಿಕಲ್ ಮಾತ್ರ ಮರ್ಜ್ ತಡೀಲಿ.

ನಿಧಾನವೇ_ಪ್ರಧಾನ:
ಇನ್ನೊಂದು, ಪ್ರೀ-ಕಮಿಟ್‌ನಲ್ಲಿ (ಕೋಡ್ ಕಮಿಟ್ ಆಗೋ ಮುಂಚೆ ಓಡೋ ಚೆಕ್) ಗಿಟ್‌ಲೀಕ್ಸ್ ಹಾಕಿ, ಕೋಡ್‌ನಲ್ಲಿ ಪಾಸ್‌ವರ್ಡ್, ಕೀ ಇದ್ರೆ ಹಿಡಿಯೋ ಟೂಲ್ ಅದು. ನಮ್ಮಲ್ಲೊಬ್ಬ ಹುಡುಗ ಕ್ಲೌಡ್ ಕೀ ಕಮಿಟ್ ಮಾಡಿ, ಮುಂದಿನ ಕಮಿಟ್‌ನಲ್ಲಿ ಅಳಿಸಿ ‘ತೆಗೆದೆ ಸರ್’ ಅಂದ. ಎಲ್ಲಿ ತೆಗೆದಿದ್ದು, ಹಿಸ್ಟರಿಲಿ ಹಾಗೇ ಇದೆಯಲ್ಲ. ಪುಶ್ ಆಯ್ತು ಅಂದ್ರೆ ಆ ಕೀ ಹೋಯ್ತು ಅಂತಲೇ ಲೆಕ್ಕ, ಮೊದ್ಲು ರಿವೋಕ್ ಮಾಡಿ ಹೊಸದು ತಗೊಳ್ಳಿ, ಹಿಸ್ಟರಿ ತೊಳೆಯೋದು ಆಮೇಲೆ.

ಬ್ಯಾಕೆಂಡ್_ಬಡಪಾಯಿ:
ಥ್ಯಾಂಕ್ಸ್ ಎಲ್ರಿಗೂ. ಹಾಗಾದ್ರೆ ಪೆನ್‌ಟೆಸ್ಟ್ ಬಿಟ್ಬಿಡ್ಬಹುದಾ?

ಲಾಗ್_ನೋಡು_ಮೊದ್ಲು:
ಅಯ್ಯೋ ಬೇಡ. ನಮಗೆ ಹೊಳೀದೇ ಇರೋದನ್ನ ಹುಡುಕೋಕೆ ಅವರು ಬೇಕೇ ಬೇಕು, 1041ನ 1042 ಮಾಡೋಕೆ ಅವರಿಗೆ ದುಡ್ಡು ಕೊಡೋದು ದಂಡ ಅಷ್ಟೇ.

ಬ್ಯಾಕೆಂಡ್_ಬಡಪಾಯಿ:
ಅಪ್‌ಡೇಟ್: ಆ ಇಬ್ಬರು ಯೂಸರ್ ಟೆಸ್ಟ್ ನಿನ್ನೆ ರಾತ್ರಿ ಬರೆದು ಎಲ್ಲಾ ಎಂಡ್‌ಪಾಯಿಂಟ್ ಮೇಲೂ ಓಡಿಸಿದೆ. ಪಿಡಿಎಫ್‌ನಲ್ಲಿ ಇಲ್ಲದೇ ಇರೋ 12ನೇದು ಸಿಕ್ತು. ನಾನೇ ಬರೆದಿದ್ದು.