‘14 ಸೆಷನ್ ಆಯ್ತು, ಇನ್ನೂ ಹೋಗಬೇಕಾ?’ – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 34 ವರ್ಷ. ಮೂರು ವರ್ಷದಿಂದ ಕಿಬ್ಬೊಟ್ಟೆಯಲ್ಲಿ, ಜನನಾಂಗದ ಸುತ್ತ ನೋವು. ಹೆಚ್ಚು ಹೊತ್ತು ಕೂತರೆ ಜಾಸ್ತಿ. ಸ್ಕ್ಯಾನ್, ರಕ್ತ, ಮೂತ್ರ ಎಲ್ಲ ನಾರ್ಮಲ್. ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ) ಸ್ನಾಯುಗಳು ಬಿಗಿದುಕೊಂಡಿವೆ ಎಂದು ಡಾಕ್ಟರ್ ಫಿಸಿಯೋಥೆರಪಿಗೆ ಕಳಿಸಿದರು. 14 ಸೆಷನ್ ಮುಗಿದಿದೆ. ಹತ್ತಕ್ಕೆ ಏಳಿದ್ದ ನೋವು ಈಗ ಐದೋ ಆರೋ. ಪ್ರತಿ ಸಲ ಹೋಗಿ ಬಂದ ಮರುದಿನ ಮೈ ಹಿಂಡಿ ಹಾಕಿದ ಹಾಗಿರುತ್ತದೆ. ಮನೆಯವರು ಸಾಕು ಬಿಡು ಅಂತಾರೆ. ನನಗೂ ಸಾಕಾಗಿದೆ. ಆದರೆ ಬಿಟ್ಟರೆ, ‘ಇನ್ನು ನಾಲ್ಕು ಸಲ ಹೋಗಿದ್ದರೆ ಸರಿಯಾಗ್ತಿತ್ತೇನೋ’ ಎಂಬ ಕೊರಗು ಉಳಿಯುತ್ತದೆ ಎಂದು ಭಯ. ಏನು ಮಾಡಲಿ?

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಒಂಬತ್ತನೇ ಸೆಷನ್‌ಗೆ ಬಿಟ್ಟವಳು, ಹತ್ತು ತಿಂಗಳ ನಂತರ ಬೇರೆ ಕಡೆ ಮತ್ತೆ ಶುರು ಮಾಡಿದವಳು. ಹಾಗಾಗಿ ಎರಡೂ ಕಡೆಯ ಕೊರಗು ನನಗೆ ಗೊತ್ತು.

ಮೊದಲು ಹೋದ ಜಾಗದಲ್ಲಿ ನನ್ನ ಸ್ನಾಯುಗಳನ್ನು ಯಾರೂ ಪರೀಕ್ಷೆಯೇ ಮಾಡಲಿಲ್ಲ. ಸೊಂಟಕ್ಕೆ ಶಾಖ ಕೊಟ್ಟರು, ಕರೆಂಟ್ ಮಷೀನ್ ಇಟ್ಟರು, ಕೈಗೊಂದು ಹಾಳೆ ಕೊಟ್ಟರು. ಅದರಲ್ಲಿ ಕೀಗಲ್ ವ್ಯಾಯಾಮ, ದಿನಕ್ಕೆ ಮೂರು ಸಲ. ಮೂತ್ರ ತಡೆಯುವ ಹಾಗೆ ಬಿಗಿ ಹಿಡಿಯಬೇಕು, ಬಿಡಬೇಕು. ಶ್ರದ್ಧೆಯಿಂದ ಮಾಡಿದೆ. ನೋವು ಜಾಸ್ತಿಯಾಯಿತು. ನಾನೇ ಸರಿಯಾಗಿ ಮಾಡುತ್ತಿಲ್ಲ ಅಂದುಕೊಂಡು ಇನ್ನೂ ಶ್ರದ್ಧೆಯಿಂದ ಮಾಡಿದೆ!

ಎರಡನೇ ಫಿಸಿಯೋ ಇದನ್ನು ಕೇಳಿ ಹಣೆ ಚಚ್ಚಿಕೊಂಡರು. ಅರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ಡಾಕ್ಟರ್ 1948ರಲ್ಲಿ ಆ ವ್ಯಾಯಾಮದ ಬಗ್ಗೆ ಬರೆದದ್ದು ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳಿಗಾಗಿ ಅಂತೆ. ನನ್ನವು ಸಡಿಲವಾಗಿರಲಿಲ್ಲ, ಮುಷ್ಟಿ ಕಟ್ಟಿದ ಹಾಗಿದ್ದವು. ಅವಕ್ಕೆ ಇನ್ನಷ್ಟು ಬಿಗಿ ಕಲಿಸುತ್ತಿದ್ದೆ. ನಿಮ್ಮ ಹಾಳೆಯಲ್ಲೂ ಕೀಗಲ್ ಇದೆಯಾ? ಇದ್ದರೆ ‘ನನಗೆ ಇದು ಯಾಕೆ’ ಎಂದು ನಾಳೆಯೇ ಕೇಳಿ.

ಎರಡನೇ ಕಡೆ ಏನು ಬೇರೆ ಇತ್ತು? ಮೊದಲ ದಿನ ಒಂದು ಗಂಟೆ ಬರೀ ಮಾತು. ಮೂತ್ರಕ್ಕೆ ಎಷ್ಟು ಸಲ ಹೋಗ್ತೀರಿ, ಮೋಷನ್ ಹೇಗೆ, ಗಂಡನ ಜೊತೆ ಸೇರುವಾಗ ನೋವು ಶುರುವಿನಲ್ಲೋ ಒಳಗೋ, ಎಲ್ಲ ಕೇಳಿದರು. ಆಮೇಲೆ ನನ್ನ ಒಪ್ಪಿಗೆ ಪಡೆದು, ಗ್ಲೌಸ್ ಹಾಕಿಕೊಂಡು ಒಂದೇ ಬೆರಳಿನಿಂದ ಒಳಗೆ ಪರೀಕ್ಷೆ ಮಾಡಿದರು. ಎಡಗಡೆ ಒಂದು ಜಾಗ ಮುಟ್ಟಿದಾಗ ‘ಇದೇ, ಇದೇ ನನ್ನ ನೋವು’ ಎಂದು ಅತ್ತುಬಿಟ್ಟೆ. ಅಷ್ಟು ವರ್ಷ ಎಲ್ಲ ನಾರ್ಮಲ್ ಎಂದು ಕೇಳಿಸಿಕೊಂಡವಳಿಗೆ, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ ಸಿಕ್ಕಿತ್ತಲ್ಲ.

ಇನ್ನೊಂದು ಮಾತು. ನೀವು ಹತ್ತಕ್ಕೆ ಎಷ್ಟು ಎಂಬ ಲೆಕ್ಕವೊಂದನ್ನೇ ಹಿಡಿದುಕೊಂಡಿದ್ದೀರಿ. ನನಗೆ ಅದು ಎಲ್ಲಕ್ಕಿಂತ ಕೊನೆಗೆ ಇಳಿಯಿತು. ಮೂರು ತಿಂಗಳಾದರೂ ಏಳು ಹೋಗಿ ಆರಾಗಿತ್ತು, ಅಷ್ಟೇ. ಆದರೆ ಒಂದು ಪುಸ್ತಕದಲ್ಲಿ ಬೇರೆ ವಿಷಯ ಬರೆದಿಡುತ್ತಿದ್ದೆ: ಏಳದೆ ಎಷ್ಟು ಹೊತ್ತು ಕೂತೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಎದ್ದೆ, ನೋವು ಕೆರಳಿದರೆ ಎಷ್ಟು ದಿನಕ್ಕೆ ತಣ್ಣಗಾಯಿತು. ಮೊದಲ ವಾರ 20 ನಿಮಿಷ ಕೂರುತ್ತಿದ್ದವಳು ಮೂರನೇ ತಿಂಗಳಲ್ಲಿ ಒಂದು ಗಂಟೆ ದಾಟಿದ್ದೆ. ಪುಸ್ತಕ ಇಲ್ಲದಿದ್ದರೆ ‘ಏನೂ ಗುಣ ಇಲ್ಲ’ ಎಂದು ಎರಡನೇ ಸಲವೂ ಬಿಡುತ್ತಿದ್ದೆ, ಖಂಡಿತ. ನೋವು ಪೂರ್ತಿ ಹೋಗಿದೆಯಾ ಅಂದರೆ, ಇಲ್ಲ. ಅದು ಇರುವುದನ್ನು ದಿನದಲ್ಲಿ ಎಷ್ಟೋ ಹೊತ್ತು ಮರೆತಿರುತ್ತೇನೆ.

– ಮತ್ತೆ ಹೋದವಳು

*

ನಾನು ಇದೇ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ನನ್ನ ಕಸುಬಿನ ಪರವಾಗಿ ವಾದ ಮಾಡಲು ಬರೆಯುತ್ತಿಲ್ಲ. 14 ಸೆಷನ್ ಕಡಿಮೆ ಅಲ್ಲ. ಸಾಮಾನ್ಯವಾಗಿ ಆರರಿಂದ ಎಂಟು ಸೆಷನ್‌ಗೆ ಏನಾದರೂ ಬದಲಾವಣೆ ಕಾಣಬೇಕು. ಕಾಣದಿದ್ದರೆ ನಾವೇ ನಿಂತು ಯೋಚಿಸಬೇಕು. ನಿಮ್ಮ ಫಿಸಿಯೋ ನಡುವೆ ಒಮ್ಮೆಯಾದರೂ ಮೊದಲ ದಿನದ ಪರೀಕ್ಷೆಯನ್ನು ಮತ್ತೆ ಮಾಡಿ, ‘ಅಂದು ಹೀಗಿತ್ತು, ಇಂದು ಹೀಗಿದೆ’ ಎಂದು ಹೇಳಿದ್ದಾರಾ? ಹೇಳಿಲ್ಲವಾದರೆ ಮುಂದಿನ ಸೆಷನ್‌ನಲ್ಲಿ ಚಿಕಿತ್ಸೆ ಬೇಡ, ಬರೀ ಅದನ್ನೇ ಮಾಡಿ ಎಂದು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೂ ಒಂದು ಉತ್ತರವೇ!

ಮರುದಿನದ ನೋವಿನ ಬಗ್ಗೆ. ಬಿಗಿದ ಸ್ನಾಯುವನ್ನು ಒತ್ತಿ ಸಡಿಲಿಸಿದ ಮೇಲೆ ಒಂದೆರಡು ದಿನ ನೋವು ಇರುವುದು ಉಂಟು. ಆದರೆ ಅದು ಮುಂದಿನ ಸೆಷನ್‌ವರೆಗೂ ಎಳೆದರೆ, ಅಥವಾ ಪ್ರತಿ ಸಲ ಅಷ್ಟೇ ಇದ್ದರೆ, ಒತ್ತಡ ಹೆಚ್ಚಾಗಿದೆ ಎಂದು ಅರ್ಥ. ನೋವು ಹಳೆಯದಾದ ಹಾಗೆ ನರಗಳು ಸಣ್ಣದಕ್ಕೂ ದೊಡ್ಡ ಗಂಟೆ ಬಾರಿಸಲು ಕಲಿತಿರುತ್ತವೆ. ಅಂಥವರಿಗೆ ‘ಹಲ್ಲು ಕಚ್ಚಿ ತಡೆದುಕೊಳ್ಳಿ’ ಎನ್ನುವುದು ತಪ್ಪು. ಹಲ್ಲು ಕಚ್ಚಿದರೆ ಕೆಳಗಿನ ಸ್ನಾಯುವೂ ಬಿಗಿಯುತ್ತದೆ, ನೀವೇ ಮಾಡಿ ನೋಡಿ. ಒಳಗಿನ ಚಿಕಿತ್ಸೆ ಬೇಡ ಅನ್ನಿಸಿದ ದಿನ ಬೇಡ ಎನ್ನಿ, ಅರ್ಧಕ್ಕೆ ನಿಲ್ಲಿಸಿ ಎನ್ನಿ. ಹೊರಗಿನಿಂದಲೇ ಹೊಟ್ಟೆ, ತೊಡೆಯ ಒಳಭಾಗ, ಪೃಷ್ಠದ ಸ್ನಾಯುಗಳ ಮೇಲೆ ಮಾಡುವ ಕೆಲಸ ಬೇಕಾದಷ್ಟಿದೆ.

ಮನೆಯಲ್ಲಿ ಏನು ಮಾಡುತ್ತಿದ್ದೀರಿ ಎಂದು ನೀವು ಬರೆದಿಲ್ಲ. ನನಗೆ ಅದೇ ಮುಖ್ಯ. ಉಸಿರು ಒಳಗೆಳೆದಾಗ ಎದೆಯ ಕೆಳಗಿನ ವಪೆ ಇಳಿಯುತ್ತದೆ, ಅದರ ಜೊತೆ ಪೆಲ್ವಿಕ್ ಫ್ಲೋರ್ ಕೂಡ ಸ್ವಲ್ಪ ಇಳಿದು ಸಡಿಲವಾಗುತ್ತದೆ. ಹೊಟ್ಟೆಯನ್ನು ಸದಾ ಒಳಗೆಳೆದುಕೊಂಡೇ ಇರುವವರಿಗೆ ಈ ಸಡಿಲ ಸಿಗುವುದೇ ಇಲ್ಲ. ವಾರಕ್ಕೊಮ್ಮೆ ನಾನು 45 ನಿಮಿಷ ಸಡಿಲಿಸಿ, ಉಳಿದ ಹೊತ್ತೆಲ್ಲ ನೀವು ಬಿಗಿ ಹಿಡಿದರೆ ಗೆಲ್ಲುವವರು ಯಾರು? ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಕಮೋಡ್ ಮುಂದೆ ಚಿಕ್ಕ ಸ್ಟೂಲ್ ಇಟ್ಟು ಕಾಲೆತ್ತಿ ಕೂರಿ, ತಿಣುಕಬೇಡಿ.

ಒಂದು ಲೆಕ್ಕ ಹೇಳುತ್ತೇನೆ. ಮೂತ್ರಕೋಶದ ನೋವಿದ್ದ 81 ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಈ ಸ್ನಾಯುಗಳ ಚಿಕಿತ್ಸೆ, ಇನ್ನೊಂದಕ್ಕೆ ಮೈಯೆಲ್ಲ ಮಸಾಜ್. ಹತ್ತು ಸೆಷನ್‌ವರೆಗೆ. ಮೊದಲ ಗುಂಪಿನಲ್ಲಿ ಶೇ 59 ಜನ ಚೆನ್ನಾಗಿ ಗುಣ ಕಂಡಿದೆ ಎಂದರು, ಮಸಾಜ್ ಗುಂಪಿನಲ್ಲಿ ಶೇ 26. ನಮ್ಮವರು ಈ 59 ಅನ್ನು ಹೆಮ್ಮೆಯಿಂದ ಹೇಳುತ್ತೇವೆ. ಉಳಿದ 41ರ ಬಗ್ಗೆ ಮಾತು ಕಡಿಮೆ. ಕಲಿತವರು ಮಾಡಿದ ಚಿಕಿತ್ಸೆಯೇ ಅಷ್ಟು ಜನಕ್ಕೆ ಸಾಲಲಿಲ್ಲ. ನೀವು ಆ 41ರಲ್ಲಿ ಒಬ್ಬರಾದರೆ ಅದು ನಿಮ್ಮ ತಪ್ಪಲ್ಲ.

– ಫಿಸಿಯೋಥೆರಪಿಸ್ಟ್

*

ಗಂಡಸರೂ ಇದನ್ನು ಓದುತ್ತಾರೆ, ಮಾತಾಡುವುದಿಲ್ಲ ಅಷ್ಟೆ. ನನಗೂ ಇದೇ ನೋವು. ವೃಷಣದ ಹಿಂದೆ, ಗುದದ್ವಾರದ ಮುಂದೆ, ಚೆಂಡಿನ ಮೇಲೆ ಕೂತ ಹಾಗೆ. ಪ್ರಾಸ್ಟೇಟ್ ಸೋಂಕು ಎಂದು ಎರಡು ವರ್ಷ ಆ್ಯಂಟಿಬಯಾಟಿಕ್ ನುಂಗಿದೆ. ಒಂದು ಪರೀಕ್ಷೆಯಲ್ಲೂ ಸೋಂಕು ಸಿಗಲಿಲ್ಲ! ಕೊನೆಗೆ ಫಿಸಿಯೋಗೆ ಹೋದೆ. ನಾಚಿಕೆ ಬಿಡಲು ಮೂರು ಸೆಷನ್ ಬೇಕಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈಗ ವಾರಕ್ಕೊಮ್ಮೆ ಇದ್ದದ್ದನ್ನು ತಿಂಗಳಿಗೊಮ್ಮೆ ಮಾಡಿಕೊಂಡಿದ್ದೇನೆ. ‘ಹೋಗುವುದೋ ಬಿಡುವುದೋ’ ಎಂದು ತಲೆ ಕೆಡಿಸಿಕೊಂಡಿದ್ದ ನನಗೆ ಈ ಮೂರನೇ ದಾರಿ ಹೊಳೆದೇ ಇರಲಿಲ್ಲ.

– ಇನ್ನೂ ಯಾರಿಗೂ ಹೇಳದವನು

*

ಅಕ್ಕಾ, ಸ್ಕ್ಯಾನ್ ನಾರ್ಮಲ್ ಎಂದು ನೆಮ್ಮದಿಯಾಗಿ ಕೂರಬೇಡಿ. ನನ್ನದೂ ನಾರ್ಮಲ್ ಇತ್ತು. ಮುಟ್ಟಿನ ದಿನಗಳಲ್ಲಿ ನೋವು ಕೆರಳುತ್ತಾ ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರಾ? ನನಗೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ನೋಡುವುದು) ಮಾಡಿದಾಗ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ, ಸಿಕ್ಕಿತು. ಅದು ಸಾಮಾನ್ಯ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಒಳಗೆ ಬೆಂಕಿ ಇದ್ದಾಗ ಸ್ನಾಯು ಬಿಗಿಯುತ್ತಲೇ ಇರುತ್ತದೆ, ಬಿಡಿಸುತ್ತಲೇ ಇರಬೇಕು. ತಮಾಷೆ ಎಂದರೆ ಆಪರೇಷನ್ ಆದ ಮೇಲೂ ನೋವು ಪೂರ್ತಿ ಹೋಗಲಿಲ್ಲ, ಬಿಗಿಯುವ ಅಭ್ಯಾಸ ಉಳಿದುಬಿಟ್ಟಿತ್ತು. ಆಗ ಅದೇ ಫಿಸಿಯೋಥೆರಪಿ ಕೆಲಸಕ್ಕೆ ಬಂತು. ಮೊದಲು ಯಾಕೆ ನಾಟಲಿಲ್ಲ ಎಂದು ಆಮೇಲೆ ಅರ್ಥವಾಯಿತು.

– ನಿಮ್ಮ ತಂಗಿಯ ವಯಸ್ಸಿನವಳು

*

ನಾನು ನರ್ಸ್, ಎರಡೇ ಸಾಲು. ತೊಡೆ ಸಂದಿಯಲ್ಲಿ ಮರಗಟ್ಟಿದ ಹಾಗಾದರೆ, ಮೂತ್ರ ಕಟ್ಟಿದರೆ, ಮಲ–ಮೂತ್ರದ ಹಿಡಿತ ತಪ್ಪಿದರೆ ಫಿಸಿಯೋ ಕಡೆಗಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದ ರಕ್ತಸ್ರಾವ, ಸುಮ್ನೆ ತೂಕ ಇಳಿಯುವುದು ಇದ್ದರೆ ಡಾಕ್ಟರಿಗೆ ತೋರಿಸಲು ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

*

ಎಲ್ಲರೂ ಹೋಗಿ ಎಂದೇ ಬರೆಯುತ್ತಾರೆ ಅನ್ನಿಸಿತು, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ಬಿಟ್ಟೆ. 22 ಸೆಷನ್ ಆದ ಮೇಲೆ. ಫಿಸಿಯೋ ಒಳ್ಳೆಯವರು, ತಿಳಿದವರು. ಆದರೂ ಪ್ರತಿ ಮಂಗಳವಾರ ಬರುತ್ತದೆ ಎಂದರೆ ಭಾನುವಾರದಿಂದಲೇ ನನ್ನ ಹೊಟ್ಟೆ ಬಿಗಿಯುತ್ತಿತ್ತು. ಸಡಿಲಿಸಲು ಹೋಗುವ ಜಾಗಕ್ಕೆ ಹೆದರಿ ಬಿಗಿಯುತ್ತಿದ್ದೆ!

ಬಿಡುವ ಮೊದಲು ಮೂರು ಕೆಲಸ ಮಾಡಿದೆ. ನನ್ನನ್ನು ಕಳಿಸಿದ ಡಾಕ್ಟರ್ ಹತ್ತಿರ ವಾಪಸ್ ಹೋಗಿ ಬೇರೇನಿದೆ ಎಂದು ಕೇಳಿದೆ. ನರಗಳ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮಾತ್ರೆ ಕೊಡಬಹುದಾ ಎಂದಾಗ, 306 ಮಹಿಳೆಯರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಿದೆ, ಕಾರಣ ಸಿಗದ ಇಂಥ ನೋವಿಗೆ ಅದು ಬರೀ ಸಕ್ಕರೆ ಮಾತ್ರೆಗಿಂತ ಮೇಲೇನೂ ಅಲ್ಲ, ತಲೆಸುತ್ತು ಬೇರೆ, ಎಂದು ಅವರೇ ಬಿಡಿಸಿ ಹೇಳಿದರು. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಬೇರೆ ಮಾತ್ರೆ, ಜೊತೆಗೆ ನೋವಿನ ಭಯಕ್ಕೆ ಕೌನ್ಸೆಲಿಂಗ್ ಶುರುವಾಯಿತು. ಎರಡನೆಯದು, ಫಿಸಿಯೋಗೆ ಎದುರಿಗೇ ಹೇಳಿದೆ, ಸುಮ್ಮನೆ ಮಾಯವಾಗಲಿಲ್ಲ. ಅವರು ಮನೆಯಲ್ಲಿ ಮಾಡಲು ನಾಲ್ಕೇ ನಾಲ್ಕು ವ್ಯಾಯಾಮ ಬರೆದುಕೊಟ್ಟರು. ಮೂರನೆಯದು, ಮೂರು ತಿಂಗಳ ಮುಂದಿನ ಒಂದು ತಾರೀಖು ಗುರುತು ಹಾಕಿ, ಅಲ್ಲಿಯವರೆಗೆ ಈ ಪ್ರಶ್ನೆಯನ್ನೇ ಎತ್ತಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ನನಗೂ ಹೇಳಿಕೊಂಡೆ.

ಆ ತಾರೀಖು ಬಂದಾಗ ನೋವು ನಾಲ್ಕಿತ್ತು. ಯಾವುದರಿಂದ ಇಳಿಯಿತೋ ಗೊತ್ತಿಲ್ಲ. 22 ಸೆಷನ್‌ನ ಫಲ ತಡವಾಗಿ ಬಂತೋ, ಮಾತ್ರೆಯೋ, ಮಂಗಳವಾರಗಳು ಇಲ್ಲದಾಗಿದ್ದೋ. ಹೋದ ತಿಂಗಳು ಸ್ವಲ್ಪ ಕೆರಳಿತ್ತು. ಫಿಸಿಯೋಗೆ ಫೋನ್ ಮಾಡಿ ‘ಒಂದೇ ಸಲ ಬಂದು ಹೋಗ್ಲಾ?’ ಎಂದೆ. ‘ಬನ್ನಿ, ಯಾವಾಗ ಬೇಕಾದರೂ’ ಎಂದರು. ಇನ್ನೂ ಹೋಗಿಲ್ಲ.

– ಬಿಟ್ಟವಳು