ಟಿಸಿಜಿಎಯಲ್ಲಿ ಸಿ-ಇಂಡೆಕ್ಸ್ 0.82, ಮೆಟಾಬ್ರಿಕ್‌ನಲ್ಲಿ 0.54: ಎಡವಿದ್ದೆಲ್ಲಿ?

ಬೀಜಗಣಿತ (ಪ್ರಶ್ನೆ):
ಸ್ತನ ಕ್ಯಾನ್ಸರ್ ರೋಗಿಗಳ ಬದುಕುಳಿವಿನ ಅಂದಾಜು. ಟಿಸಿಜಿಎ ಎಂಬ ಅಮೆರಿಕದ ಕ್ಯಾನ್ಸರ್ ದತ್ತಾಂಶದಲ್ಲಿ ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಿಂದ ಅಳೆದ ಸುಮಾರು 20,000 ಜೀನ್‌ಗಳಿಗೆ ಒಂದೊಂದಾಗಿ ಕಾಕ್ಸ್ ರಿಗ್ರೆಶನ್ (ಬದುಕುಳಿವಿನ ಅವಧಿಗೆ ನಂಟು ಹುಡುಕುವ ಲೆಕ್ಕ) ಹಾಕಿ, ಪಿ 0.01ಕ್ಕಿಂತ ಕಡಿಮೆ ಬಂದವನ್ನಷ್ಟೇ ಲ್ಯಾಸೊಗೆ (ಕೆಲವೇ ಜೀನ್‌ಗಳನ್ನು ಉಳಿಸಿ ಮಿಕ್ಕವನ್ನು ಕೈಬಿಡುವ ವಿಧಾನ) ಕೊಟ್ಟೆ, 10 ಪಾಲಿನ ಕ್ರಾಸ್ ವ್ಯಾಲಿಡೇಶನ್ (ಒಂದು ಪಾಲು ಬದಿಗಿಟ್ಟು ಉಳಿದದ್ದರಲ್ಲಿ ಕಲಿಸಿ, ಬದಿಗಿಟ್ಟದ್ದರಲ್ಲಿ ಪರೀಕ್ಷಿಸುವುದು) ಜತೆ. 38 ಜೀನ್ ಉಳಿದವು, ಸಿ-ಇಂಡೆಕ್ಸ್ (ಯಾರು ಮೊದಲು ತೀರಿಕೊಳ್ಳುತ್ತಾರೆಂಬ ಕ್ರಮ ಎಷ್ಟು ಸರಿ ಎಂಬ ಅಳತೆ; 0.5 ಎಂದರೆ ಕುರುಡು ಊಹೆ, 1 ಎಂದರೆ ಪೂರ್ತಿ ಸರಿ) 0.82. ಅವೇ ಗುಣಾಂಕಗಳು ಮೈಕ್ರೊಅರೇಯಿಂದ ಅಳೆದ ಇನ್ನೊಂದು ಸ್ತನ ಕ್ಯಾನ್ಸರ್ ದತ್ತಾಂಶವಾದ ಮೆಟಾಬ್ರಿಕ್‌ನಲ್ಲಿ 0.54ಕ್ಕೆ ಕುಸಿದವು. ಪ್ಲಾಟ್‌ಫಾರ್ಮ್ (ಅಳೆಯುವ ತಂತ್ರ) ಬೇರೆ ಎಂಬುದೇ ಕಾರಣವೇ?

ಪಾಲು_ಪಟ್ಟಿ:
ಪ್ಲಾಟ್‌ಫಾರ್ಮ್ ಆಮೇಲೆ. 0.82 ಎಂಬುದೇ ಸುಳ್ಳು. ಜೀನ್ ಸೋಸುವಾಗ ಎಲ್ಲ ರೋಗಿಗಳ ಸಾವಿನ ಮಾಹಿತಿ ಬಳಸಿದ್ದೀರಿ, ಕ್ರಾಸ್ ವ್ಯಾಲಿಡೇಶನ್ ಶುರುವಾಗುವ ಮೊದಲೇ ಉತ್ತರ ಸೋರಿಹೋಗಿದೆ. ಮೊದಲು ರೋಗಿಗಳನ್ನು 5 ಹೊರ ಪಾಲು ಮಾಡಿ. ಸೋಸುವುದು, ಲ್ಯಾಂಬ್ಡಾ (ಲ್ಯಾಸೊ ಎಷ್ಟು ಬಿಗಿ ಎಂಬ ಅಂಕೆ) ಆರಿಸುವುದು ಎರಡೂ ಆಯಾ ತರಬೇತಿ ಪಾಲಿನೊಳಗೇ ನಡೆಯಲಿ. ಸುಮಾರು 1,100 ರೋಗಿಗಳಲ್ಲಿ ಸಾವು 150ರ ಆಸುಪಾಸು ಮಾತ್ರ, ಹಾಗಾಗಿ ಪ್ರತಿ ಪಾಲಿಗೂ 30 ಸಾವು ಬರುವಂತೆ ಹಂಚಿ. ಇದನ್ನೇ 20 ಸಲ ಬೇರೆ ಬೇರೆ ಹಂಚಿಕೆಯಲ್ಲಿ ಓಡಿಸಿದರೆ ಆ 38ರಲ್ಲಿ ಪದೇ ಪದೇ ಬರುವವು ಎಷ್ಟು ಕಡಿಮೆ ಎಂಬುದು ಕಾಣುತ್ತದೆ.

ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಾಲೋ-ಅಪ್ ಮೂರು ವರ್ಷವೂ ಇಲ್ಲ. ಟಿಸಿಜಿಎ ಸ್ತನ ಕ್ಯಾನ್ಸರ್‌ಗೆ ಒಟ್ಟು ಬದುಕುಳಿವಿಗಿಂತ ರೋಗ ಮರುಕಳಿಸದ ಅವಧಿಯೇ ನಂಬಲರ್ಹ ಎಂದು 2018ರಲ್ಲಿ ಬಂದ ಅದರ ಕ್ಲಿನಿಕಲ್ ಮಾಹಿತಿ ಪರಿಷ್ಕರಣೆಯೇ ಸೂಚಿಸಿದೆ. ಸ್ಯಾಂಪಲ್‌ನ ಬಾರ್‌ಕೋಡ್‌ನಲ್ಲಿ ಅಂಗಾಂಶದ ಬಗೆ ಹೇಳುವ ಅಂಕೆ ಕೂಡ ನೋಡಿ: 11 ಎಂದಿರುವುದು ಗಡ್ಡೆಯಲ್ಲ, ಪಕ್ಕದ ಸಹಜ ಅಂಗಾಂಶ. 01 ಮಾತ್ರ ಇಟ್ಟುಕೊಳ್ಳಿ.

ಅಳತೆಗೋಲು:
ಪ್ಲಾಟ್‌ಫಾರ್ಮ್ ಪಾತ್ರವೂ ಇದೆ, ಆದರೆ ನೀವು ಅಂದುಕೊಂಡ ಬಗೆಯಲ್ಲಲ್ಲ. ಸಿ-ಇಂಡೆಕ್ಸ್ ನೋಡುವುದು ರೋಗಿಗಳ ಹಿಂದುಮುಂದಿನ ಕ್ರಮವನ್ನಷ್ಟೇ. ಒಂದು ಜೀನ್‌ನ ಸರಾಸರಿ ಎಲ್ಲರಲ್ಲೂ ಒಂದೇ ಸಮ ಏರಿದರೆ ಕ್ರಮ ಕೆಡದು. ಹರವು ಬದಲಾದರೆ ಕೆಡುತ್ತದೆ: ಮೈಕ್ರೊಅರೇಯಲ್ಲಿ ಹರವು ಕುಗ್ಗಿರುತ್ತದೆ, ಆಗ ಗುಣಾಂಕಗಳ ತೂಕ ಏರುಪೇರು. ಎರಡೂ ಕಡೆ ಲಾಗ್ ಅಳತೆಯಲ್ಲೇ ಇರುವಂತೆ ನೋಡಿಕೊಂಡು ಜೀನ್‌ವಾರು ಝಡ್-ಸ್ಕೋರ್ (ಸರಾಸರಿ 0, ಹರವು 1 ಆಗುವಂತೆ) ಮಾಡಿ. ಸರಾಸರಿಯ ಏರಿಳಿತ ಕಾಡುವುದು ತರಬೇತಿಯಲ್ಲಿ ಸಿಕ್ಕ ಕಟ್‌ಆಫ್ (ಹೆಚ್ಚು ಮತ್ತು ಕಡಿಮೆ ಅಪಾಯದ ನಡುವಿನ ಗಡಿ) ಅನ್ನು ಹೊರಗೆ ಒಯ್ದಾಗ. ಮೆಟಾಬ್ರಿಕ್‌ನಲ್ಲಿ ವಯಸ್ಸಾಗಿ ಬೇರೆ ಕಾರಣಕ್ಕೆ ತೀರಿಕೊಂಡವರೂ ಬಹಳ, ರೋಗದಿಂದಲೇ ಆದ ಸಾವನ್ನು ಬೇರೆಯಾಗಿ ಎಣಿಸಿ.

ಗುಂಡುಸೂಜಿ:
ಇಷ್ಟೆಲ್ಲ ಸರಿಪಡಿಸಿ 0.65 ಬಂತೆನ್ನಿ, ಆಗಲೂ ಹಿಗ್ಗಬೇಡಿ. 38 ಜೀನ್‌ಗಳನ್ನು ಕಣ್ಣು ಮುಚ್ಚಿ ಆರಿಸಿ, ಅದೇ ವಿಧಾನದಲ್ಲಿ 1,000 ಸಲ ಮಾದರಿ ಕಟ್ಟಿ. 2011ರಲ್ಲಿ ವೆನೆ ಮತ್ತು ಸಂಗಡಿಗರು ಪ್ರಕಟಿತ 47 ಸ್ತನ ಕ್ಯಾನ್ಸರ್ ಸಿಗ್ನೇಚರ್‌ಗಳನ್ನು (ರೋಗದ ಮುನ್ಸೂಚನೆಗೆ ಬಳಸುವ ಜೀನ್ ಪಟ್ಟಿಗಳನ್ನು) ಹೀಗೇ ಒರೆಗೆ ಹಚ್ಚಿದಾಗ, ಅವುಗಳಲ್ಲಿ 28 ಸಿಗ್ನೇಚರ್‌ಗಳು ಅಷ್ಟೇ ಸಂಖ್ಯೆಯ ಯಾದೃಚ್ಛಿಕ ಜೀನ್‌ಗಳಿಗಿಂತ ಗಮನಾರ್ಹವಾಗಿ ಮೇಲೇನೂ ಇರಲಿಲ್ಲ. ಕೋಶ ವಿಭಜನೆಯ ವೇಗ ಸಾವಿರಾರು ಜೀನ್‌ಗಳಲ್ಲಿ ಪ್ರತಿಫಲಿಸುತ್ತದೆ. ಯಾವುದನ್ನು ಹೆಕ್ಕಿದರೂ ಅದರ ನೆರಳು ಇದ್ದೇ ಇರುತ್ತದೆ.

ಹೋಲಿಕೆಗೆ ಬರೀ ವಯಸ್ಸು, ಹಂತ, ಕ್ಯಾನ್ಸರ್ ತಗುಲಿದ ದುಗ್ಧಗ್ರಂಥಿಗಳ ಸಂಖ್ಯೆ, ಇಆರ್ (ಈಸ್ಟ್ರೊಜೆನ್ ಗ್ರಾಹಕ) ಸ್ಥಿತಿಯ ಕಾಕ್ಸ್ ಮಾದರಿ ಇಡಿ.

ಬೀಜಗಣಿತ:
ಕಪ್ಲಾನ್-ಮೀಯರ್ ಚಿತ್ರಕ್ಕೆ (ಕಾಲ ಕಳೆದಂತೆ ಬದುಕುಳಿದವರ ಪಾಲು ತೋರಿಸುವ ರೇಖೆ) ಕಟ್‌ಆಫ್? ಅತಿ ಕಡಿಮೆ ಪಿ ಕೊಡುವ ಬಿಂದುವನ್ನು ಹುಡುಕಿ ಹಾಕಿದ್ದೆ.

ಗುಂಡುಸೂಜಿ:
ಹುಡುಕಿ ತೆಗೆದ ಪಿಗೆ ಬೆಲೆಯಿಲ್ಲ. ಸ್ಕೋರನ್ನು ಕತ್ತರಿಸದೆ ಹಾಗೇ ಬಿಡಿ. ಚಿತ್ರ ಬೇಕೇ ಬೇಕೆಂದರೆ ತರಬೇತಿ ಗುಂಪಿನ ಮಧ್ಯಾಂಕ.